ಪ್ರೈಮರಿಯಲ್ಲಿ ಮುಂದಿರುವ ಅಭ್ಯರ್ಥಿ ಗೆಲ್ಲುವಷ್ಟು ದೊಡ್ಡ ಒಕ್ಕೂಟ ಕಟ್ಟಬಲ್ಲರೇ? ಸ್ಯಾಂಡರ್ಸ್ 2020ರ ಸುತ್ತ ಒಂದು ಚರ್ಚೆ

ರಾಜಕೀಯಾಸಕ್ತ

2020ರ ಫೆಬ್ರುವರಿ 22ರಂದು ನೆವಾಡಾ ಕಾಕಸ್‌ನ (ಪಕ್ಷದ ಅಭ್ಯರ್ಥಿಯನ್ನು ಆರಿಸಲು ಬೆಂಬಲಿಗರು ಸಭೆ ಸೇರಿ ನಡೆಸುವ ಮತದಾನ; ಅದೇ ಆಯ್ಕೆ ಮತಗಟ್ಟೆಯಲ್ಲಿ ನಡೆದರೆ ಪ್ರೈಮರಿ) ಫಲಿತಾಂಶ ಹೊರಬೀಳುತ್ತಿದ್ದಂತೆ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗುವ ಹಾದಿಯಲ್ಲಿ ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರನ್ನು ತಡೆಯಬಲ್ಲವರು ಇನ್ನು ಯಾರೂ ಇಲ್ಲವೆಂಬ ಮಾತು ಎಲ್ಲೆಡೆ ಕೇಳಿಬಂತು. ಅಯೋವಾದಲ್ಲಿ ಅತಿ ಹೆಚ್ಚು ಜನರ ಮತ ಅವರಿಗೇ ಬಿದ್ದಿತ್ತು. ನ್ಯೂ ಹ್ಯಾಂಪ್‌ಶೈರ್ ಅವರದಾಗಿತ್ತು. ನೆವಾಡಾದಲ್ಲಿ ಕೌಂಟಿ ಪ್ರತಿನಿಧಿಗಳ ಪೈಕಿ ಶೇ 46ಕ್ಕೂ ಹೆಚ್ಚು ಪಾಲನ್ನು ಅವರೊಬ್ಬರೇ ಬಾಚಿಕೊಂಡಿದ್ದರು. ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಅಲ್ಲಿಂದ ಹತ್ತೇ ದಿನಗಳಲ್ಲಿ, ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಯಂದು, ಹದಿನಾಲ್ಕು ರಾಜ್ಯಗಳಲ್ಲಿ ಹತ್ತು ಬೈಡನ್ ಪಾಲಾದವು. ಏಪ್ರಿಲ್ 8ರಂದು ಸ್ಯಾಂಡರ್ಸ್ ಕಣದಿಂದ ಹಿಂದೆ ಸರಿದರು.

ಇದನ್ನು ಬರಿಯ ಏರಿಳಿತದ ಕಥೆಯಾಗಿ ನೋಡುವುದು ನನಗೆ ಸಾಲದು. ನನ್ನ ಪ್ರಶ್ನೆ ಇಷ್ಟು: ಹಲವರು ಸ್ಪರ್ಧಿಸಿರುವ ಕಣದಲ್ಲಿ ಮುಂದಿರುವ ಅಭ್ಯರ್ಥಿಯ ನಿಜವಾದ ಬಲವನ್ನು ಅಳೆಯುವುದು ಹೇಗೆ? ನ್ಯೂ ಹ್ಯಾಂಪ್‌ಶೈರ್‌ನ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2016ರಲ್ಲಿ ಹಿಲರಿ ಕ್ಲಿಂಟನ್ ಒಬ್ಬರೇ ಎದುರಾಳಿಯಾಗಿದ್ದಾಗ ಅಲ್ಲಿ ಸ್ಯಾಂಡರ್ಸ್‌ಗೆ ಶೇ 60ರಷ್ಟು ಮತ ಬಂದಿತ್ತು. 2020ರಲ್ಲಿ ಅದೇ ರಾಜ್ಯವನ್ನು ಅವರು ಗೆದ್ದದ್ದು ಶೇ 26ಕ್ಕಿಂತ ಕಡಿಮೆ ಮತಗಳಿಂದ. ಎರಡನ್ನೂ ಪತ್ರಿಕೆಗಳು ‘ಗೆಲುವು’ ಎಂದೇ ಬರೆದವು. ಆದರೆ ಎರಡನೆಯ ಗೆಲುವಿನಲ್ಲಿ ಮುಕ್ಕಾಲು ಪಾಲು ಮತದಾರರು ಬೇರೆ ಯಾರನ್ನೋ ಬಯಸಿದ್ದರು. ಆ ಮುಕ್ಕಾಲು ಪಾಲಿನವರ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಕಣ ಬಿಡುತ್ತಾ ಹೋದಾಗ ಅವರ ಬೆಂಬಲಿಗರು ಎರಡನೇ ಆಯ್ಕೆಯಾಗಿ ಯಾರ ಕಡೆಗೆ ತಿರುಗುತ್ತಾರೆ ಎಂಬುದರಲ್ಲೇ ಮುಂಚೂಣಿ ಅಭ್ಯರ್ಥಿಯ ಭವಿಷ್ಯ ಅಡಗಿರುತ್ತದೆ. ಇದು ನನ್ನ ವಾದ. ಅವರನ್ನು ತನ್ನತ್ತ ಸೆಳೆದು ಒಕ್ಕೂಟ ಕಟ್ಟುವ ಕೆಲಸ ಗೆದ್ದ ಮೇಲೆ ಮಾಡುವಂಥದ್ದಲ್ಲ, ಮುನ್ನಡೆ ಕೈಗೆ ಬಂದ ದಿನವೇ ಶುರುವಾಗಬೇಕಾದದ್ದು.

ನೆವಾಡಾ ಮತದಾನದ ಹಿಂದಿನ ದಿನ ಸ್ಯಾಂಡರ್ಸ್, ರಿಪಬ್ಲಿಕನ್ ವ್ಯವಸ್ಥೆಯಾಗಲಿ ಡೆಮಾಕ್ರಟಿಕ್ ವ್ಯವಸ್ಥೆಯಾಗಲಿ ತಮ್ಮನ್ನು ತಡೆಯಲಾರದು ಎಂಬರ್ಥದ ಸಂದೇಶವನ್ನು ಟ್ವಿಟರ್‌ನಲ್ಲಿ ಹಾಕಿದರು. ಅವರ ಕಾರ್ಯಕರ್ತರಿಗೆ ಅದು ಹುರುಪು ತಂದಿರಬಹುದು. ಆದರೆ ನಲವತ್ತು ವರ್ಷ ಅದೇ ಪಕ್ಷಕ್ಕೆ ಮತ ಹಾಕುತ್ತಾ ಬಂದ, ಆ ಪಕ್ಷವನ್ನು ತಮ್ಮದೆಂದು ಭಾವಿಸಿದ ಹಿರಿಯ ಮತದಾರರು ಅದನ್ನು ಓದಿದಾಗ ತಮ್ಮನ್ನು ಯಾವ ಕಡೆ ಎಣಿಸಿಕೊಂಡಿರಬಹುದು? ನೀವೆಲ್ಲ ಏನೆನ್ನುತ್ತೀರಿ ಎಂದು ತಿಳಿಯುವ ಆಸೆಯಿದೆ.

ಎಡಿಸನ್ ಕನ್ನಡತಿ

ನಾನು ನ್ಯೂಜೆರ್ಸಿಯ ಮತದಾರಳು. ನಮ್ಮ ರಾಜ್ಯದ ಪ್ರೈಮರಿ ಮೊದಲೇ ಜೂನ್‌ನಲ್ಲಿ ಬರುವಂಥದ್ದು. 2020ರಲ್ಲಿ ಕೋವಿಡ್ ಕಾರಣದಿಂದ ಅದು ಜುಲೈ 7ಕ್ಕೆ ಹೋಯಿತು. ಸರದಿ ನಮಗೆ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಹಾಗಾಗಿ ಮೊದಲ ನಾಲ್ಕು ರಾಜ್ಯಗಳಲ್ಲಿ ನಡೆದದ್ದನ್ನು ‘ಮತದಾರರ ಮನಸ್ಸು’ ಎಂದು ಕರೆಯುವಾಗ ಸ್ವಲ್ಪ ಎಚ್ಚರಿಕೆ ಇರಲಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ರಾಜಕೀಯಾಸಕ್ತರೇ, ನಿಮ್ಮ ವಾದ ಸ್ಯಾಂಡರ್ಸ್‌ಗೆ ನ್ಯಾಯ ಒದಗಿಸುವುದಿಲ್ಲ. ನೆವಾಡಾದಲ್ಲಿ ಅವರು ಕಟ್ಟಿದ್ದು ನಿಜವಾದ ಒಕ್ಕೂಟವೇ. 2016ರಲ್ಲಿ ಅವರನ್ನು ‘ಬಿಳಿಯ ಯುವಕರ ಅಭ್ಯರ್ಥಿ’ ಎಂದು ತಳ್ಳಿಹಾಕಿದ್ದವರು 2020ರಲ್ಲಿ ಲ್ಯಾಟಿನೋ ಮತದಾರರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಅವರ ಹಿಂದೆ ನಿಂತದ್ದನ್ನು ಕಂಡರು. ಹೋಟೆಲ್ ಕಾರ್ಮಿಕರ ಬಲಿಷ್ಠ ಸಂಘವಾದ ಕಲಿನರಿ ಯೂನಿಯನ್, ತಾನು ಹೋರಾಡಿ ಗಳಿಸಿದ ಆರೋಗ್ಯ ವಿಮೆ ಕೈತಪ್ಪುತ್ತದೆಂಬ ಭಯದಿಂದ ಅವರ ‘ಎಲ್ಲರಿಗೂ ಮೆಡಿಕೇರ್’ (ಖಾಸಗಿ ವಿಮೆಯ ಬದಲು ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ) ಯೋಜನೆಯನ್ನು ಬಹಿರಂಗವಾಗಿಯೇ ಟೀಕಿಸಿತ್ತು. ಆದರೂ ಲಾಸ್ ವೇಗಾಸ್‌ನ ಕ್ಯಾಸಿನೋಗಳಲ್ಲಿ ಆ ಕಾರ್ಮಿಕರಿಗಾಗಿಯೇ ಏರ್ಪಡಿಸಿದ್ದ ಮತಗಟ್ಟೆಗಳಲ್ಲಿ ಹೆಚ್ಚಿನವನ್ನು ಗೆದ್ದದ್ದು ಸ್ಯಾಂಡರ್ಸ್. ಸಂಘದ ಮುಖಂಡರನ್ನು ದಾಟಿ ಸದಸ್ಯರ ಮನೆ ಬಾಗಿಲಿಗೆ ಹೋಗಿ, ಸ್ಪ್ಯಾನಿಷ್‌ನಲ್ಲಿ ಮಾತಾಡಿ, ತಿಂಗಳುಗಟ್ಟಲೆ ದುಡಿದು ಪಡೆದ ಬೆಂಬಲ ಅದು.

ಅದನ್ನು ಮುರಿದದ್ದು ಮತದಾರರ ತಿರಸ್ಕಾರವಲ್ಲ. ಬೈಡನ್ ಗೆದ್ದ ಫೆಬ್ರುವರಿ 29ರ ಸೌತ್ ಕೆರೊಲಿನಾ ಪ್ರೈಮರಿಯ ನಂತರದ ನಲವತ್ತೆಂಟು ಗಂಟೆಗಳಲ್ಲಿ ಸ್ಪರ್ಧಿಗಳಾಗಿದ್ದ ಪೀಟ್ ಬುಟ್ಟಿಜೆಜ್ ಮತ್ತು ಏಮಿ ಕ್ಲೋಬುಷಾರ್ ಇಬ್ಬರೂ ಕಣ ಬಿಟ್ಟು ಬೈಡನ್ ಪರ ನಿಂತರು. ಕಣ ಬಿಡುವುದು ಅವರ ಹಕ್ಕು. ಆದರೆ ಇಷ್ಟು ಬೇಗ, ಇಷ್ಟು ಒಗ್ಗಟ್ಟಿನಿಂದ ಎದುರಾಳಿಗಳು ಒಂದಾಗುವುದು ಅಪರೂಪ. 2016ರಲ್ಲಿ ರಿಪಬ್ಲಿಕನ್ ನಾಯಕರು ಟ್ರಂಪ್ ವಿರುದ್ಧ ಹಾಗೆ ಒಂದಾಗಲಿಲ್ಲ, ಅವರು ಅಭ್ಯರ್ಥಿಯಾದರು. ಒಬ್ಬರಿಗೆ ಒಡೆದ ಕಣ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಇದರಲ್ಲಿ ಒಕ್ಕೂಟ ಕಟ್ಟುವ ಕೌಶಲಕ್ಕಿಂತ ಎದುರಾಳಿಗಳ ನಡೆಯೇ ಹೆಚ್ಚು ಕೆಲಸ ಮಾಡಿದೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು

ಎಡಿಸನ್ ಕನ್ನಡತಿಯವರು ಹೇಳಿದ ಟ್ರಂಪ್ ಹೋಲಿಕೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಎರಡು ಪಕ್ಷಗಳ ನಿಯಮಗಳು ಬೇರೆ ಬೇರೆ. 2016ರಲ್ಲಿ ಸೌತ್ ಕೆರೊಲಿನಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಪಡೆದದ್ದು ಶೇ 32.5ರಷ್ಟು ಮತ, ದೊರೆತದ್ದು, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಆ ರಾಜ್ಯದ 50ಕ್ಕೆ 50 ಪ್ರತಿನಿಧಿ ಸ್ಥಾನಗಳು. ಡೆಮಾಕ್ರಟಿಕ್ ಪಕ್ಷದಲ್ಲಿ ಹೀಗಾಗುವಂತಿಲ್ಲ. ಶೇ 15 ದಾಟಿದ ಎಲ್ಲರಿಗೂ ಮತದ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. 2020ರಲ್ಲಿ ಮೊದಲ ಸುತ್ತಿನಲ್ಲೇ ಅಭ್ಯರ್ಥಿಯಾಗಲು 1,991 ಪ್ರತಿನಿಧಿಗಳು ಬೇಕಿತ್ತು. ಅಂದರೆ ಮೂರನೇ ಒಂದು ಭಾಗದಷ್ಟು ಮತವಿಟ್ಟುಕೊಂಡು ಮುಂದಿರುವವರನ್ನು ಗೆಲುವಿಗೆ ದಾಟಿಸುವ ನಿಯಮ ಒಂದು ಪಕ್ಷದಲ್ಲಿದೆ, ಇನ್ನೊಂದರಲ್ಲಿಲ್ಲ. ಸ್ಯಾಂಡರ್ಸ್ ತಂಡಕ್ಕೆ ಇದು ಮೊದಲ ದಿನದಿಂದಲೇ ಗೊತ್ತಿತ್ತು.

ಫೆಬ್ರುವರಿ 19ರ ಲಾಸ್ ವೇಗಾಸ್ ಚರ್ಚೆಯ ಕೊನೆಯಲ್ಲಿ ವೇದಿಕೆಯಲ್ಲಿದ್ದ ಆರೂ ಮಂದಿಗೆ ಒಂದು ಪ್ರಶ್ನೆ ಹಾಕಲಾಯಿತು: ಯಾರಿಗೂ ಬಹುಮತ ಬಾರದಿದ್ದರೆ ಅತಿ ಹೆಚ್ಚು ಪ್ರತಿನಿಧಿಗಳಿರುವವರೇ ಅಭ್ಯರ್ಥಿಯಾಗಬೇಕೇ? ಹೌದೆಂದವರು ಸ್ಯಾಂಡರ್ಸ್ ಒಬ್ಬರೇ. ಉಳಿದ ಐವರೂ ಸಮಾವೇಶದ ನಿಯಮದಂತೆ ನಡೆಯಲಿ ಎಂದರು. ಒಬ್ಬ ಮುಂಚೂಣಿ ಅಭ್ಯರ್ಥಿಯ ವಿರುದ್ಧ ಉಳಿದವರು ಹೇಗೆ ಆಲೋಚಿಸುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. ಅದನ್ನು ಕೇಳಿದ ಮೇಲೂ, ವೇದಿಕೆಯಲ್ಲಿದ್ದ ಇನ್ನೊಬ್ಬ ಎಡಪಂಥೀಯ ಸ್ಪರ್ಧಿ ಎಲಿಜಬೆತ್ ವಾರೆನ್ ಅವರೊಂದಿಗಾಗಲಿ ಬೇರೊಬ್ಬರೊಂದಿಗಾಗಲಿ ಹೊಂದಾಣಿಕೆಯ ಫಲ ಕಣ್ಣಿಗೆ ಬೀಳಲಿಲ್ಲ. ಮಾರ್ಚ್ 5ರಂದು ಕಣ ಬಿಟ್ಟ ವಾರೆನ್ ಆ ದಿನ ಯಾರನ್ನೂ ಬೆಂಬಲಿಸಲಿಲ್ಲ.

ಇನ್ನೊಂದು ಅಂಕಿ. ಸ್ಯಾಂಡರ್ಸ್ ತಂಡ ತನ್ನ ಗೆಲುವಿನ ಲೆಕ್ಕವನ್ನು ಹೊಸ ಮತದಾರರ ಮೇಲೆ, ಅದರಲ್ಲೂ ಯುವಜನರ ಮೇಲೆ, ಕಟ್ಟಿತ್ತು. ವರ್ಜೀನಿಯಾದಲ್ಲಿ 2016ರ ಡೆಮಾಕ್ರಟಿಕ್ ಪ್ರೈಮರಿಗೆ ಸುಮಾರು 7.8 ಲಕ್ಷ ಮಂದಿ ಬಂದಿದ್ದರೆ 2020ರಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಹೊಸಬರು ಬಂದದ್ದು ನಿಜ, ಆದರೆ ಅವರಲ್ಲಿ ದೊಡ್ಡ ಪಾಲು ಟ್ರಂಪ್ ಮೇಲೆ ಬೇಸರಗೊಂಡ ಉಪನಗರಗಳ ಮಧ್ಯವಯಸ್ಕರದು. ಬೈಡನ್ ಆ ರಾಜ್ಯವನ್ನು ಶೇ 53 ಮತಗಳಿಂದ ಗೆದ್ದರು. ಮರುದಿನ ಸ್ಯಾಂಡರ್ಸ್ ತಾವೇ, ಯುವಜನರನ್ನು ನಿರೀಕ್ಷಿಸಿದಷ್ಟು ಸಂಖ್ಯೆಯಲ್ಲಿ ಮತಗಟ್ಟೆಗೆ ತರಲಾಗಲಿಲ್ಲವೆಂದು ಒಪ್ಪಿಕೊಂಡರು. ಮಿಷಿಗನ್ ಇನ್ನೂ ಕಠಿಣ ಪಾಠ. 2016ರಲ್ಲಿ ಕ್ಲಿಂಟನ್ ಎದುರು ಅವರು ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದ ಆ ರಾಜ್ಯದ 83 ಕೌಂಟಿಗಳಲ್ಲಿ ಒಂದನ್ನೂ 2020ರಲ್ಲಿ ಅವರಿಗೆ ಗೆಲ್ಲಲಾಗಲಿಲ್ಲ. 2016ರ ಗ್ರಾಮೀಣ ಮತಗಳಲ್ಲಿ ಒಂದು ಭಾಗ ಸ್ಯಾಂಡರ್ಸ್ ಮೇಲಿನ ಪ್ರೀತಿಯಿಂದ ಬಂದದ್ದಾಗಿರದೆ ಕ್ಲಿಂಟನ್ ಮೇಲಿನ ಅಸಮಾಧಾನದಿಂದ ಬಂದದ್ದಾಗಿತ್ತು ಎಂದು ನಾನು ಓದುತ್ತೇನೆ. ಎದುರಾಳಿ ಬದಲಾದಾಗ ಆ ಮತವೂ ಹೋಯಿತು.

ಚರಿತ್ರೆಯ ಓದುಗ

ಈ ಪ್ರಶ್ನೆಗೆ ಹಿಂದೆ ಬಂದ ಉತ್ತರಗಳಲ್ಲಿ 1972ರದ್ದು ಅತ್ಯಂತ ಕಹಿಯಾದದ್ದು. 1968ರ ಷಿಕಾಗೋ ಸಮಾವೇಶದ ಗಲಭೆಯ ನಂತರ ಡೆಮಾಕ್ರಟಿಕ್ ಪಕ್ಷ ಅಭ್ಯರ್ಥಿ ಆಯ್ಕೆಯ ನಿಯಮಗಳನ್ನು ಸುಧಾರಿಸಲು ಒಂದು ಆಯೋಗ ನೇಮಿಸಿತು. ಅದರ ಮೊದಲ ಅಧ್ಯಕ್ಷರು ಸೆನೆಟರ್ ಜಾರ್ಜ್ ಮೆಕ್‌ಗವರ್ನ್. ಮುಖಂಡರು ಕೋಣೆಯಲ್ಲಿ ಕೂತು ಅಭ್ಯರ್ಥಿಯನ್ನು ತೀರ್ಮಾನಿಸುವ ಪದ್ಧತಿ ಹಿಂದೆ ಸರಿದು ಪ್ರೈಮರಿಗಳೇ ನಿರ್ಣಾಯಕವಾದವು. ಆ ಹೊಸ ನಿಯಮಗಳಡಿಯ ಮೊದಲ ಚುನಾವಣೆಯಲ್ಲಿ ಆರಂಭದಲ್ಲಿ ಮುಂದಿದ್ದವರು ಎಡ್ಮಂಡ್ ಮಸ್ಕಿ. ಅವರು ಕುಸಿದ ಮೇಲೆ ಮೆಕ್‌ಗವರ್ನ್ ಮುಂದೆ ಬಂದರು. ಪ್ರೈಮರಿಗಳಲ್ಲಿ ಬಿದ್ದ ಒಟ್ಟು ಮತಗಳನ್ನು ಎಣಿಸಿದರೆ, 1968ರಲ್ಲಿ ಪಕ್ಷದ ಅಭ್ಯರ್ಥಿಯಾಗಿದ್ದ ಹ್ಯೂಬರ್ಟ್ ಹಂಫ್ರಿಯವರಿಗೇ ತುಸು ಹೆಚ್ಚು ಮತ ಬಿದ್ದಿತ್ತು. ಇಬ್ಬರಿಗೂ ಒಟ್ಟು ಮತದ ನಾಲ್ಕನೇ ಒಂದು ಭಾಗದಷ್ಟು ಮಾತ್ರ. ಮೂರನೆಯವರಾದ, ಜನಾಂಗೀಯ ಪ್ರತ್ಯೇಕತೆಗೆ ಹೆಸರಾಗಿದ್ದ ಅಲಬಾಮಾ ಗವರ್ನರ್ ಜಾರ್ಜ್ ವಾಲೇಸ್ ಮೇಲೆ ಮೇ 15ರಂದು ಮೇರಿಲ್ಯಾಂಡ್‌ನಲ್ಲಿ ಗುಂಡಿನ ದಾಳಿಯಾಯಿತು. ಮರುದಿನ ಅವರು ಮೇರಿಲ್ಯಾಂಡ್ ಮತ್ತು ಮಿಷಿಗನ್ ಎರಡನ್ನೂ ಗೆದ್ದರು. ಇಂಥ ಮೂರು ಹೋಳಾದ ಪಕ್ಷದ ಅಭ್ಯರ್ಥಿತ್ವ ಮೆಕ್‌ಗವರ್ನ್ ಕೈಗೆ ಬಂತು.

ಜುಲೈನಲ್ಲಿ ಮಯಾಮಿ ಬೀಚ್‌ನ ಸಮಾವೇಶದಲ್ಲಿ ನಡೆದದ್ದನ್ನು ಗಮನಿಸಿ. ಷಿಕಾಗೋದ ಮೇಯರ್ ರಿಚರ್ಡ್ ಡೇಲಿ ನೇತೃತ್ವದ ಇಲಿನಾಯ್ ಪ್ರತಿನಿಧಿಗಳ ತಂಡವನ್ನು, ಹೊಸ ನಿಯಮಗಳನ್ನು ಪಾಲಿಸಲಿಲ್ಲವೆಂಬ ಕಾರಣಕ್ಕೆ, ಹೊರಗಿಟ್ಟು ಜೆಸ್ಸಿ ಜಾಕ್ಸನ್ ಮುಂತಾದವರಿದ್ದ ಬೇರೊಂದು ತಂಡವನ್ನು ಕೂರಿಸಲಾಯಿತು. ನಿಯಮದ ದೃಷ್ಟಿಯಿಂದ ಅದು ಸರಿಯಿದ್ದಿರಬಹುದು. ಆದರೆ ಅದೇ ಡೇಲಿಯವರ ಸಹಾಯ ಕೇಳಲು ಮೆಕ್‌ಗವರ್ನ್ ಕೆಲವೇ ವಾರಗಳಲ್ಲಿ ಷಿಕಾಗೋಗೆ ಹೋಗಬೇಕಾಯಿತು. ಜಾರ್ಜ್ ಮೀನಿ ನೇತೃತ್ವದ ಎಎಫ್‌ಎಲ್-ಸಿಐಒ ಕಾರ್ಮಿಕ ಮಹಾಒಕ್ಕೂಟ ಯಾರನ್ನೂ ಬೆಂಬಲಿಸದೆ ತಟಸ್ಥವಾಗಿ ಉಳಿಯಿತು. ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಥಾಮಸ್ ಈಗಲ್ಟನ್ ತಮ್ಮ ಖಿನ್ನತೆಯ ಚಿಕಿತ್ಸೆಯ ವಿವರ ಬಹಿರಂಗವಾದ ಮೇಲೆ ಜುಲೈ ಕೊನೆಯಲ್ಲಿ ಹಿಂದೆ ಸರಿದರು. ನವೆಂಬರ್‌ನಲ್ಲಿ ನಿಕ್ಸನ್ 49 ರಾಜ್ಯ ಗೆದ್ದರು. ಮೆಕ್‌ಗವರ್ನ್‌ಗೆ ಉಳಿದದ್ದು ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ಡಿ.ಸಿ. ಮಾತ್ರ.

ನಿಕ್ಸನ್ ಅವರನ್ನು ಆ ವರ್ಷ ಯಾರೂ ಸೋಲಿಸಲಾಗುತ್ತಿರಲಿಲ್ಲ ಎನ್ನುವವರಿದ್ದಾರೆ, ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸೋಲುವುದು ಒಂದು, ಶೇ 37.5ಕ್ಕೆ ಇಳಿಯುವುದು ಇನ್ನೊಂದು. ನಡುವಿನ ಆ ಅಂತರ ತಮ್ಮದೇ ಪಕ್ಷದವರು ಮನೆಯಲ್ಲಿ ಉಳಿದದ್ದರಿಂದ ಮತ್ತು ಆಚೆಗೆ ಹೋದದ್ದರಿಂದ ಹುಟ್ಟಿದ್ದು.

ಇದಕ್ಕೆ ಎದುರಾದ ಉದಾಹರಣೆ 1980ರ ರೊನಾಲ್ಡ್ ರೇಗನ್. ಅವರೂ ಪಕ್ಷದ ಒಂದು ಅಂಚಿನವರು, 1964ರಲ್ಲಿ ಆರೇ ರಾಜ್ಯ ಗೆದ್ದು ಹೀನಾಯವಾಗಿ ಸೋತ ಗೋಲ್ಡ್‌ವಾಟರ್ ಅವರ ಸಾಲಿನವರು ಎಂದೇ ಮಧ್ಯಮ ಮಾರ್ಗದ ರಿಪಬ್ಲಿಕನ್ನರು ಅವರನ್ನು ನೋಡುತ್ತಿದ್ದರು. ಪ್ರೈಮರಿಯಲ್ಲಿ ಅವರ ತೆರಿಗೆ ಯೋಜನೆಯನ್ನು ಜಾರ್ಜ್ ಬುಷ್ ‘ಮಾಟಮಂತ್ರದ ಅರ್ಥಶಾಸ್ತ್ರ’ವೆಂದು ಹೀಗಳೆದಿದ್ದರು. ಅದೇ ಬುಷ್ ಅವರನ್ನು ರೇಗನ್ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡರು. ಸೋತ ಬಣಕ್ಕೆ ಅದರ ನಾಯಕನನ್ನೇ ಪಕ್ಕದಲ್ಲಿ ಕೂರಿಸಿ ತೋರಿಸಿದ್ದು ದೊಡ್ಡ ಸಂದೇಶ. ಹಾಗಾಗಿ ಅಂಚಿನಿಂದ ಬಂದ ಮುಂಚೂಣಿ ಅಭ್ಯರ್ಥಿ ಒಕ್ಕೂಟ ಕಟ್ಟಲಾರರು ಎಂಬುದನ್ನು ನಾನು ಒಪ್ಪುವುದಿಲ್ಲ; ಕಟ್ಟಬೇಕೆಂಬ ಇಚ್ಛೆ ಮತ್ತು ಅದಕ್ಕೆ ತೆರಬೇಕಾದ ಬೆಲೆಯ ಅರಿವು ಅವರಿಗಿರಬೇಕು.

ರಾಜಕೀಯಾಸಕ್ತ

ಓದುಗರ 1972ರ ವಿವರ ನನ್ನ ಮಾತನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ, ಧನ್ಯವಾದ.

ಎಡಿಸನ್ ಕನ್ನಡತಿಯವರೇ, ನೆವಾಡಾ ಬಗ್ಗೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಎದುರಾಳಿಗಳ ನಡೆಯನ್ನೂ ಮುಂಚೂಣಿ ಅಭ್ಯರ್ಥಿಯ ನಡೆಯನ್ನೂ ಬೇರ್ಪಡಿಸಿ ನೋಡಲು ಬರುವುದಿಲ್ಲ. ಬುಟ್ಟಿಜೆಜ್ ಮತ್ತು ಕ್ಲೋಬುಷಾರ್ ಬೈಡನ್ ಕಡೆ ಹೋದದ್ದು ಸೌತ್ ಕೆರೊಲಿನಾದ ಮತದಾರರು ಮಾತನಾಡಿದ ಮೇಲೆ. ಅಲ್ಲಿ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಸಮುದಾಯದವರು. ಅವರಲ್ಲಿ ಹತ್ತಕ್ಕೆ ಆರು ಮಂದಿ ಬೈಡನ್ ಪರ ನಿಂತರು. ಒಟ್ಟು ಫಲಿತಾಂಶ ಬೈಡನ್‌ಗೆ ಶೇ 48ಕ್ಕಿಂತ ಹೆಚ್ಚು, ಸ್ಯಾಂಡರ್ಸ್‌ಗೆ ಶೇ 20ರ ಒಳಗೆ. ಮತದಾನಕ್ಕೆ ಮೂರು ದಿನ ಮುಂಚೆ ಆ ರಾಜ್ಯದ ಪ್ರಭಾವಿ ಕಪ್ಪು ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಅವರನ್ನು ಬೆಂಬಲಿಸಿದ್ದರು. ಆ ಬೆಂಬಲವನ್ನು ನೀವು ಕೇಳಿದ್ದಿರಾ ಎಂದು ಆಮೇಲೆ ಟಿವಿ ಸಂದರ್ಶನವೊಂದರಲ್ಲಿ ಪ್ರಶ್ನಿಸಿದಾಗ ಸ್ಯಾಂಡರ್ಸ್, ಕ್ಲೈಬರ್ನ್ ಅವರ ಮೇಲೆ ಗೌರವವಿದೆ, ಆದರೆ ಅವರ ರಾಜಕಾರಣ ತಮ್ಮದಲ್ಲ, ಹಾಗಾಗಿ ಕೇಳಲಿಲ್ಲ ಎಂದರು. ಪ್ರಾಮಾಣಿಕ ಉತ್ತರವೇ. ಆದರೂ ನನಗೆ ಇಲ್ಲಿ ನೋವಾಗುತ್ತದೆ. ಕ್ಲೈಬರ್ನ್ ಬೈಡನ್‌ರನ್ನೇ ಬೆಂಬಲಿಸುತ್ತಿದ್ದರು ಎಂದಿಟ್ಟುಕೊಂಡರೂ, ಅವರ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬಂದಿದ್ದರೆ ಆ ಬೆಂಬಲದ ಬಿಸಿ ಇಷ್ಟಿರುತ್ತಿತ್ತೇ? ಚರ್ಚ್‌ಗಳ ಹಿರಿಯ ಹೆಣ್ಣುಮಕ್ಕಳು ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ದಶಕಗಳಿಂದ ಹೊತ್ತು ನಡೆಸಿದವರು. 2016ರಲ್ಲೂ ಸ್ಯಾಂಡರ್ಸ್ ಅಲ್ಲಿ ಶೇ 26 ಮಾತ್ರ ಪಡೆದಿದ್ದರು. ನಾಲ್ಕು ವರ್ಷದ ಅವಧಿ ಕೈಯಲ್ಲಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಸೂಪರ್ ಟ್ಯೂಸ್‌ಡೇಯ ಮತಗಟ್ಟೆ ಸಮೀಕ್ಷೆಗಳಲ್ಲಿ, ಬೈಡನ್ ಗೆದ್ದ ಹಲವು ರಾಜ್ಯಗಳಲ್ಲೂ ಸೇರಿದಂತೆ, ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಖಾಸಗಿ ವಿಮೆಯ ಬದಲು ಸರ್ಕಾರಿ ಆರೋಗ್ಯ ಯೋಜನೆ ಇರಲಿ ಎಂದಿದ್ದರು. ಅಂದರೆ ಸ್ಯಾಂಡರ್ಸ್ ಅವರ ಪ್ರಮುಖ ನೀತಿಗೆ ಬಹುಮತವಿತ್ತು, ಸ್ಯಾಂಡರ್ಸ್‌ಗೆ ಇರಲಿಲ್ಲ. ಅದೇ ಮತದಾರರು ನೀತಿಯ ಹೊಂದಾಣಿಕೆಗಿಂತ ಟ್ರಂಪ್‌ರನ್ನು ಸೋಲಿಸಬಲ್ಲವರು ಬೇಕೆಂಬುದಕ್ಕೆ ಹೆಚ್ಚು ಬೆಲೆ ಕೊಟ್ಟರು. ನೀತಿಯನ್ನು ಮೆಚ್ಚಿದವರೆಲ್ಲ ತನ್ನವರೇ ಎಂದು ಮುಂಚೂಣಿ ಅಭ್ಯರ್ಥಿ ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪುವುದು ಹೀಗೆ.

ಬೆಳಗಾವಿಯಿಂದ

ನಮ್ಮ ಊರಿನ ಸಂಬಂಧವಿರುವ ಉದಾಹರಣೆಯೊಂದನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಶ್ರೀ ಥಾಣೇದಾರ್ ಈಗ ಮಿಷಿಗನ್‌ನ 13ನೇ ಕ್ಷೇತ್ರದಿಂದ ಸಂಸತ್ ಸದಸ್ಯರು. 2018ರಲ್ಲಿ ಅವರು ರಾಜ್ಯದ ಗವರ್ನರ್ (ಅಲ್ಲಿ ಚುನಾಯಿತ ಮುಖ್ಯಸ್ಥರು) ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು, ಗ್ರೆಚೆನ್ ವಿಟ್ಮರ್ ಮತ್ತು ಅಬ್ದುಲ್ ಎಲ್-ಸಯೀದ್ ಅವರ ಹಿಂದೆ ಮೂರನೆಯವರಾದರು. 2022ರ ಸಂಸತ್ ಪ್ರೈಮರಿಯಲ್ಲಿ ಒಂಬತ್ತು ಅಭ್ಯರ್ಥಿಗಳಿದ್ದರು. ಡೆಟ್ರಾಯಿಟ್‌ನ ದೊಡ್ಡ ಭಾಗವನ್ನು ಒಳಗೊಂಡ ಆ ಕ್ಷೇತ್ರದ ಕಪ್ಪು ಮತಗಳು ಹಲವರ ನಡುವೆ ಹಂಚಿಹೋದವು, ಥಾಣೇದಾರ್ ಸುಮಾರು ಶೇ 28 ಮತದೊಂದಿಗೆ ಗೆದ್ದರು. ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಾದ್ದರಿಂದ ನವೆಂಬರ್ ಚುನಾವಣೆ ಬರಿಯ ವಿಧಿಯಾಗಿತ್ತು. ಏಳು ದಶಕಗಳ ನಂತರ ಡೆಟ್ರಾಯಿಟ್‌ಗೆ ಸಂಸತ್ತಿನಲ್ಲಿ ಕಪ್ಪು ಸಮುದಾಯದ ಪ್ರತಿನಿಧಿ ಇಲ್ಲದಂತಾಯಿತು ಎಂಬ ಕೊರಗು ಆ ನಗರದಲ್ಲಿ ಕೇಳಿಬಂತು, ಆ ಕೊರಗು ಅರ್ಥವಾಗುವಂಥದ್ದೇ.

ನಮ್ಮವರೊಬ್ಬರು ಗೆದ್ದರೆಂಬ ಸಂತೋಷ ನನಗೂ ಇದೆ. ಆದರೂ ಕೇಳಬೇಕಾದ ಪ್ರಶ್ನೆಯಿದೆ: ಭದ್ರ ಕ್ಷೇತ್ರದಲ್ಲಿ ಒಕ್ಕೂಟ ಕಟ್ಟದೆಯೂ ಗೆಲ್ಲಬಹುದಾದರೆ ಕಟ್ಟುವ ಅಗತ್ಯವಾದರೂ ಯಾರಿಗೆ?

ಸಂಖ್ಯಾಶಾಸ್ತ್ರದ ಮೇಷ್ಟ್ರು

ಅಗತ್ಯ ಮುಂದಿನ ಪ್ರೈಮರಿಗೆ. 2024ರಲ್ಲಿ ಅದೇ ಕ್ಷೇತ್ರದಲ್ಲಿ ಥಾಣೇದಾರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಹಿಂದಿನ ಬಾರಿ ಎರಡನೆಯವರಾಗಿದ್ದ ಆಡಮ್ ಹಾಲಿಯರ್ ಅವರ ಹೆಸರು, ಬೇಕಾದಷ್ಟು ಮಾನ್ಯ ಸಹಿಗಳಿಲ್ಲವೆಂದು, ಮತಪತ್ರದಿಂದಲೇ ಹೊರಗುಳಿದಿತ್ತು ಎಂಬುದನ್ನೂ ಜೊತೆಗೆ ಹೇಳಬೇಕು.

ರಾಷ್ಟ್ರಮಟ್ಟದ ಮಾತಿಗೆ ಬಂದರೆ, ಈ ಚರ್ಚೆಯಲ್ಲಿ ‘ಒಕ್ಕೂಟ’ ಎಂಬುದನ್ನು ನಾವು ಬಹಳ ದೊಡ್ಡದಾಗಿ ಕಲ್ಪಿಸಿಕೊಳ್ಳುತ್ತಿದ್ದೇವೆ ಎಂದು ನನ್ನ ಅನಿಸಿಕೆ. 1972ರಂಥ ಪಲ್ಲಟ ಇಂದು ಸಾಧ್ಯವಿಲ್ಲ. ಅಮೆರಿಕದಲ್ಲಿ ಒಂದು ಪಕ್ಷದವರೆಂದು ಗುರುತಿಸಿಕೊಳ್ಳುವ ಮತದಾರರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ತಮ್ಮ ಪಕ್ಷದ ಅಭ್ಯರ್ಥಿ ಯಾರಾದರೂ ಸರಿ, ಆ ಕಡೆಗೇ ಮತ ಹಾಕುತ್ತಾರೆ. 2016ರಲ್ಲಿ ಟ್ರಂಪ್ ತಮ್ಮ ತವರು ನ್ಯೂಯಾರ್ಕ್‌ನ ಏಪ್ರಿಲ್ 19ರ ಪ್ರೈಮರಿಯವರೆಗೆ ಯಾವ ರಾಜ್ಯದಲ್ಲೂ ಶೇ 50 ದಾಟಿರಲಿಲ್ಲ; ಪ್ರೈಮರಿಗಳ ಒಟ್ಟು ಮತದಲ್ಲಿ ಅವರ ಪಾಲು ಶೇ 45ರಷ್ಟು. ಅವರಿಗೆ ಮೇಲ್ಮಿತಿಯಿದೆ, ಪಕ್ಷ ಒಂದಾಗದು ಎಂದು ಎಷ್ಟೋ ಮಂದಿ ಬರೆದರು. ನವೆಂಬರ್‌ನಲ್ಲಿ ರಿಪಬ್ಲಿಕನ್ನರು ಬಹುಪಾಲು ತಮ್ಮ ಪಕ್ಷದತ್ತಲೇ ಮರಳಿದರು. ಅದಕ್ಕಾಗಿ ಟ್ರಂಪ್ ಏನೂ ಮಾಡಲಿಲ್ಲ ಎಂದಲ್ಲ. ಮೇ 18ರಂದು ಸುಪ್ರೀಂ ಕೋರ್ಟ್‌ಗೆ ತಾವು ಪರಿಗಣಿಸುವ ಹನ್ನೊಂದು ನ್ಯಾಯಾಧೀಶರ ಹೆಸರಿನ ಪಟ್ಟಿಯನ್ನು ಮುಂಗಡವಾಗಿ ಪ್ರಕಟಿಸಿದರು. ಹಿಂದೆ ಯಾವ ಅಭ್ಯರ್ಥಿಯೂ ಹಾಗೆ ಮಾಡಿರಲಿಲ್ಲ. ಆಮೇಲೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಮೈಕ್ ಪೆನ್ಸ್‌ರನ್ನು ಜೊತೆಗೆ ತೆಗೆದುಕೊಂಡರು. ಇವಾಂಜೆಲಿಕಲ್ ಕ್ರೈಸ್ತರ ಅನುಮಾನಕ್ಕೆ ಇವೆರಡೂ ನೇರ ಉತ್ತರ, ಅವರಲ್ಲಿ ಬಿಳಿಯರ ಪೈಕಿ ಸುಮಾರು ಶೇ 80 ಮಂದಿ ಟ್ರಂಪ್‌ಗೆ ಮತ ಹಾಕಿದರು. ಸಮಾವೇಶದ ವೇದಿಕೆಯ ಮೇಲೆ ನಿಂತು ಬೆಂಬಲ ಘೋಷಿಸಲು ನಿರಾಕರಿಸಿದ, ಪ್ರೈಮರಿಯ ಎದುರಾಳಿ ಟೆಡ್ ಕ್ರೂಜ್ ಕೂಡ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಪರ ನಿಂತರು.

ಉಳಿಯುವುದು ಅಂಚಿನ ಮತ. 2016ರಲ್ಲಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಲ್ಲಿ ಟ್ರಂಪ್ ಅವರ ಒಟ್ಟು ಮುನ್ನಡೆ ಸುಮಾರು 78 ಸಾವಿರ ಮತ. ಆ ವರ್ಷ ಪ್ರೈಮರಿಯಲ್ಲಿ ಸ್ಯಾಂಡರ್ಸ್‌ಗೆ ಮತ ಹಾಕಿದವರಲ್ಲಿ ಸುಮಾರು ಶೇ 12 ಮಂದಿ ನವೆಂಬರ್‌ನಲ್ಲಿ ಟ್ರಂಪ್‌ಗೆ ಹಾಕಿದರೆಂದು ದೊಡ್ಡ ಶೈಕ್ಷಣಿಕ ಸಮೀಕ್ಷೆಯೊಂದು ಕಂಡುಕೊಂಡಿತು. 2020ರಲ್ಲಿ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಬೈಡನ್ ಮುನ್ನಡೆ ಒಟ್ಟು 43 ಸಾವಿರದಷ್ಟು. ಆದ್ದರಿಂದ ಒಕ್ಕೂಟ ಕಟ್ಟುವುದೆಂದರೆ ಇಂದು ಹೊಸ ಜನಸಮೂಹಗಳನ್ನು ಸಾರಾಸಗಟಾಗಿ ಗೆಲ್ಲುವುದಲ್ಲ. ತನ್ನ ಪಕ್ಷದ ಸೋತ ಬಣದಿಂದ ಸೋರಿಕೆಯಾಗದಂತೆ ನೋಡಿಕೊಳ್ಳುವುದು.

ಎಡಿಸನ್ ಕನ್ನಡತಿ

ಮೇಷ್ಟ್ರು ಹೇಳಿದ ಸೋರಿಕೆಯ ಮಾತಿಗೆ 2020ರಿಂದಲೇ ಒಂದು ಒಳ್ಳೆಯ ನಿದರ್ಶನವಿದೆ, ಮತ್ತು ಅದರ ಶ್ರೇಯ ಬೈಡನ್‌ಗೂ ಸ್ಯಾಂಡರ್ಸ್‌ಗೂ ಸಲ್ಲಬೇಕು. ಸ್ಯಾಂಡರ್ಸ್ ಕಣ ಬಿಟ್ಟ ಮರುದಿನವೇ, ಏಪ್ರಿಲ್ 9ರಂದು, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ವಯೋಮಿತಿಯನ್ನು 65ರಿಂದ 60ಕ್ಕೆ ಇಳಿಸುವ ಪ್ರಸ್ತಾಪವನ್ನು ಬೈಡನ್ ಮುಂದಿಟ್ಟರು. 13ರಂದು ಸ್ಯಾಂಡರ್ಸ್ ಬೆಂಬಲ ಘೋಷಿಸಿದರು. 2016ರಲ್ಲಿ ಅವರು ಕ್ಲಿಂಟನ್‌ರನ್ನು ಬೆಂಬಲಿಸಿದ್ದು ಜುಲೈನಲ್ಲಿ, ಅದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ಆರು ಜಂಟಿ ಕಾರ್ಯಪಡೆಗಳನ್ನು ರಚಿಸಿದರು. ಹವಾಮಾನದ ಕಾರ್ಯಪಡೆಗೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಮತ್ತು ಜಾನ್ ಕೆರ್ರಿ ಸಹ ಅಧ್ಯಕ್ಷರು. ಆರೋಗ್ಯದ ಕಾರ್ಯಪಡೆಗೆ ಸ್ಯಾಂಡರ್ಸ್ ಕಡೆಯಿಂದ ಪ್ರಮೀಳಾ ಜಯಪಾಲ್, ಬೈಡನ್ ಕಡೆಯಿಂದ ಡಾ. ವಿವೇಕ್ ಮೂರ್ತಿ. ಮೂರ್ತಿಯವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಎಂಬುದು ಇಲ್ಲಿನ ಹಲವರಿಗೆ ಗೊತ್ತಿರುತ್ತದೆ.

ಆ ಆರೋಗ್ಯ ಕಾರ್ಯಪಡೆ ‘ಎಲ್ಲರಿಗೂ ಮೆಡಿಕೇರ್’ ಅನ್ನು ಒಪ್ಪಲಿಲ್ಲ. ಖಾಸಗಿ ವಿಮೆಯ ಜೊತೆಗೆ ಸರ್ಕಾರಿ ವಿಮೆಯ ಆಯ್ಕೆಯೂ ಇರಲಿ ಎಂಬಲ್ಲಿಗೆ ಬಂದು ನಿಂತಿತು. ನನ್ನಂಥವರಿಗೆ ನಿರಾಸೆಯಾಯಿತು. ಆದರೂ ಜಯಪಾಲ್ ಆ ಕೋಣೆಯೊಳಗೆ ಕೂತಿದ್ದರು, ನಮ್ಮ ಮಾತು ಅಲ್ಲಿಗೆ ತಲುಪಿತ್ತು. ನನ್ನ ಬಳಗದಲ್ಲಿ 2016ರಲ್ಲಿ ಮತ ಹಾಕಲು ಹಿಂಜರಿದಿದ್ದ ಯುವಕರು 2020ರಲ್ಲಿ ಹೋಗಿ ಹಾಕಿದ್ದಕ್ಕೆ ಇದೂ ಒಂದು ಕಾರಣ. ರಾಜಕೀಯಾಸಕ್ತರೇ, ಫೆಬ್ರುವರಿಯಲ್ಲಿ ಸ್ಯಾಂಡರ್ಸ್ ಇಂಥದ್ದೇ ಒಂದು ಹೆಜ್ಜೆಯನ್ನು ಎದುರು ಬಣದತ್ತ ಇಡಬೇಕಿತ್ತು ಎಂಬ ನಿಮ್ಮ ಮಾತನ್ನು ಇಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಆಗ ಅವರ ಜೊತೆಗಿದ್ದ ಕಾರ್ಯಕರ್ತರು ಹಾಗೇ ಉಳಿಯುತ್ತಿದ್ದರೇ ಎಂಬುದಕ್ಕೆ ನಿಮ್ಮ ಬಳಿ ಉತ್ತರವಿದೆಯೇ? ವ್ಯವಸ್ಥೆಯ ವಿರುದ್ಧ ಎಂದು ನಂಬಿ ಹತ್ತು, ಇಪ್ಪತ್ತು ಡಾಲರ್ ಕಳಿಸಿದವರಿಗೆ, ಅದೇ ವ್ಯವಸ್ಥೆಯ ಹಿರಿಯರ ಮನೆಗೆ ಹೋಗಿ ಕೂರುವ ನಾಯಕ ಹೇಗೆ ಕಾಣುತ್ತಿದ್ದರು?

ಕ್ವೀನ್ಸ್ ನಿವಾಸಿ

ಎರಡನೇ ಆಯ್ಕೆಯ ಮಾತು ಬಂದದ್ದರಿಂದ ನಮ್ಮ ನ್ಯೂಯಾರ್ಕ್ ನಗರದ ಅನುಭವ ಸೇರಿಸುತ್ತೇನೆ. ಇಲ್ಲಿನ ಪ್ರೈಮರಿಯಲ್ಲಿ ಐವರವರೆಗೆ ಕ್ರಮಾಂಕ ಕೊಟ್ಟು ಮತ ಹಾಕಬಹುದು. 2025ರ ಮೇಯರ್ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್, ಸ್ಪರ್ಧಿಗಳಾಗಿದ್ದೂ, ತಮ್ಮ ನಂತರದ ಸ್ಥಾನ ಇನ್ನೊಬ್ಬರಿಗೆ ಕೊಡಿ ಎಂದು ಪರಸ್ಪರ ಕೇಳಿಕೊಂಡರು. ಮೊದಲ ಆಯ್ಕೆಯಲ್ಲಿ ಮಮ್ದಾನಿಗೆ ಬಂದದ್ದು ಶೇ 44ರ ಹತ್ತಿರ. ಉಳಿದವರು ಹೊರಬಿದ್ದು ಅವರ ಮತಗಳು ಮುಂದಿನ ಆಯ್ಕೆಗೆ ಹಂಚಿಕೆಯಾದ ಮೇಲೆ ಮಾಜಿ ಗವರ್ನರ್ ಆ್ಯಂಡ್ರೂ ಕ್ವೋಮೊ ಎದುರು ಅದು ಶೇ 56 ಆಯಿತು. ಪಕ್ಷೇತರರಾಗಿ ಮತ್ತೆ ಎದುರು ನಿಂತ ಕ್ವೋಮೊರನ್ನು ನವೆಂಬರ್‌ನಲ್ಲಿ ಸೋಲಿಸುವಾಗ ಅವರಿಗೆ ಶೇ 50ಕ್ಕಿಂತ ತುಸು ಹೆಚ್ಚು ಬಂತು. ನಿಯಮವೇ ನೆರೆಯವನ ಬೆಂಬಲಿಗರನ್ನು ಗೌರವದಿಂದ ಮಾತಾಡಿಸುವಂತೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ರಾಜಕೀಯಾಸಕ್ತ

ಎಡಿಸನ್ ಕನ್ನಡತಿಯವರ ಪ್ರಶ್ನೆ ಈ ಚರ್ಚೆಯಲ್ಲೇ ಅತ್ಯಂತ ಕಷ್ಟದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಕಾರ್ಯಕರ್ತರ ಉತ್ಸಾಹವೇ ಅವರನ್ನು ಮುಂಚೂಣಿಗೆ ತಂದದ್ದು. ಅದನ್ನು ತಣ್ಣಗಾಗಿಸಿದರೆ ಮುಂದಿರುವ ಸ್ಥಾನವೂ ಉಳಿಯುವುದಿಲ್ಲ. ಆದರೆ ನೀತಿಯಲ್ಲಿ ಹಿಂದೆ ಸರಿಯುವುದೂ ಎದುರು ಬಣದವರಿಗೆ ಗೌರವ ತೋರುವುದೂ ಒಂದೇ ಅಲ್ಲ. ರೇಗನ್ ತಮ್ಮ ತೆರಿಗೆ ಯೋಜನೆಯನ್ನು ಬಿಟ್ಟುಕೊಡಲಿಲ್ಲ, ಟೀಕಿಸಿದವರನ್ನು ಜೊತೆಗೆ ಕರೆದುಕೊಂಡರು. ಕ್ವೀನ್ಸ್ ನಿವಾಸಿಯವರು ಹೇಳಿದ ಮಮ್ದಾನಿಯವರೂ ಬಾಡಿಗೆ, ಬಸ್ಸು, ಮಕ್ಕಳ ಪಾಲನೆಯ ತಮ್ಮ ಭರವಸೆಗಳನ್ನು ಇಟ್ಟುಕೊಂಡೇ ಲ್ಯಾಂಡರ್ ಜೊತೆ ಕೈಜೋಡಿಸಿದರು. ನೆವಾಡಾ ಗೆದ್ದ ರಾತ್ರಿ ಸ್ಯಾಂಡರ್ಸ್ ಬಳಿಯಿದ್ದದ್ದು ಇಂಥದ್ದೇ ಅವಕಾಶ. ಬದಲಿಗೆ ಮರುದಿನ ಪ್ರಸಾರವಾದ ಟಿವಿ ಸಂದರ್ಶನದಲ್ಲಿ ಅವರು ಕ್ಯಾಸ್ಟ್ರೋ ಕಾಲದ ಕ್ಯೂಬಾದ ಸಾಕ್ಷರತಾ ಕಾರ್ಯಕ್ರಮವನ್ನು ಮೆಚ್ಚಿ ಮಾತನಾಡಿದರು; ಫ್ಲೋರಿಡಾದ ಡೆಮಾಕ್ರಟಿಕ್ ಸಂಸದರೇ ಅದನ್ನು ಖಂಡಿಸಿದರು. ಅವರ ಮಾತಿನಲ್ಲಿದ್ದ ಸತ್ಯಾಂಶದ ಬಗ್ಗೆ ಚರ್ಚೆ ನಡೆಸಬಹುದು. ಆದರೆ ಆ ವಾರ ಯಾರ ಭಯವನ್ನು ನೀಗಿಸಬೇಕಿತ್ತೋ ಅವರ ಭಯ ಹೆಚ್ಚಾಯಿತು.

ಮುಂದಿನ ಅಧ್ಯಕ್ಷೀಯ ಪ್ರೈಮರಿಗಳು 2028ರಲ್ಲಿ ನಡೆಯುತ್ತವೆ. ಆಗ ಯಾರಾದರೂ ಶೇ 30ರೊಂದಿಗೆ ಮುಂದಿದ್ದಾರೆಂದು ಸುದ್ದಿ ಬಂದರೆ ನಾನು ಮೊದಲು ನೋಡುವುದು, ಸಮೀಕ್ಷೆಯಲ್ಲಿ ಉಳಿದ ಶೇ 70 ಮಂದಿ ಎರಡನೇ ಆಯ್ಕೆಯಾಗಿ ಯಾರ ಹೆಸರು ಹೇಳುತ್ತಾರೆ ಎಂಬುದನ್ನು. ಮತ್ತು ಯಾರನ್ನು ಎಂದಿಗೂ ಒಪ್ಪೆವು ಎನ್ನುತ್ತಾರೆ ಎಂಬುದನ್ನು. ಅದರ ಜೊತೆಗೆ ಮೊದಲ ಇಬ್ಬರು ಎದುರಾಳಿಗಳು ಕಣ ಬಿಟ್ಟ ಮರುವಾರ ಆ ಅಭ್ಯರ್ಥಿಯ ಪಾಲು ಏರಿತೇ, ಇದ್ದಲ್ಲೇ ಇತ್ತೇ ಎಂಬುದನ್ನು ಗಮನಿಸುತ್ತೇನೆ. ಮೇಷ್ಟ್ರೇ, 2016 ಮತ್ತು 2020ರ ಸಮೀಕ್ಷೆಗಳ ಎರಡನೇ ಆಯ್ಕೆಯ ಅಂಕಿಗಳು ನಿಮ್ಮಲ್ಲಿದ್ದರೆ ಬಿಡುವಾದಾಗ ಇಲ್ಲಿ ಹಾಕಿ; ಟ್ರಂಪ್ ಮತ್ತು ಸ್ಯಾಂಡರ್ಸ್ ಇಬ್ಬರನ್ನೂ ಆ ಒಂದು ಅಳತೆಯಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ.